ಟ್ರಿನಿಡಾಡ್‌ಗೆ ಹೋಗೋ ಮುಂಚೆ: ತಿನ್ನೋದು, ನೋಡೋದು, ಕೇಳೋದು – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲಸದ ಮೇಲೆ ಎರಡು ವರ್ಷ ಟ್ರಿನಿಡಾಡ್‌ನ ಕೂವಾ ಅನ್ನೋ ಊರಲ್ಲಿ ಇದ್ದೆ. ವಾಪಸ್ ಬಂದ ಮೇಲೆ ಮದುವೆ ಮನೇಲಿ ಸಿಕ್ಕೋರು, ಕ್ಯಾಂಟೀನಲ್ಲಿ ಪಕ್ಕ ಕೂತೋರು, ಮೆಸೇಜ್ ಮಾಡೋ ಗೆಳೆಯರು ಎಲ್ರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಅವರು ಕೇಳಿದ ಮಾತಲ್ಲೇ ಒಂದು ಕಡೆ ಬರೆದಿಟ್ಟಿದೀನಿ. ಬೀಚ್ ನೋಡ್ಕೊಂಡು ಹೋಟ್ಲಿಗೆ ವಾಪಸ್ ಬರೋರಿಗೆ ಆ ದ್ವೀಪ ಅರ್ಧಾನೂ ಸಿಗಲ್ಲ. ರಸ್ತೆ ಬದಿ ನಿಂತು ತಿನ್ಬೇಕು, ರಾತ್ರಿ ಜನ ನುಡಿಸೋ ಜಾಗಕ್ಕೆ ಹೋಗಿ ಅವರ ಮಧ್ಯೆ ನಿಂತ್ಕೊಂಡು ಕೇಳ್ಬೇಕು. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕದಲ್ಲೇ ಇವೆ.

## ಮೊದಲು ಇಷ್ಟು

ವೆಸ್ಟ್ ಇಂಡೀಸ್ ಅಂದ್ರೆ ಒಂದೇ ದೇಶ ಅಲ್ವಾ? ಟ್ರಿನಿಡಾಡ್ ಅದ್ರಲ್ಲಿ ಒಂದು ಊರಾ?

ಅಲ್ಲ. ಕ್ರಿಕೆಟ್‌ಗೆ ಮಾತ್ರ ಅವರೆಲ್ಲ ಒಂದೇ ಟೀಮು. ಜಮೈಕಾ, ಬಾರ್ಬಡೋಸ್, ಗಯಾನಾ ಎಲ್ಲ ಬೇರೆ ಬೇರೆ ದೇಶ, ಹಾಗೇ ಟ್ರಿನಿಡಾಡ್ ಮತ್ತೆ ಟೊಬೇಗೊ ಅನ್ನೋ ಎರಡು ದ್ವೀಪ ಸೇರಿ ಒಂದು ದೇಶ, 1962ರ ಆಗಸ್ಟ್ 31ಕ್ಕೆ ಸ್ವಾತಂತ್ರ್ಯ ಬಂತು. ರಾಜಧಾನಿ ಪೋರ್ಟ್ ಆಫ್ ಸ್ಪೇನ್. ಜನಸಂಖ್ಯೆ ಸುಮಾರು 14 ಲಕ್ಷ. ವೆನೆಜುವೆಲಾ ಎಷ್ಟು ಹತ್ರ ಅಂದ್ರೆ ಒಂದು ಕಡೆ ಬರೀ 11 ಕಿಲೋಮೀಟರ್ ಸಮುದ್ರ ಅಷ್ಟೇ. ಅದಕ್ಕೇ ಅಲ್ಲಿನ ಕಾಡು, ಹಕ್ಕಿ ಎಲ್ಲ ದಕ್ಷಿಣ ಅಮೆರಿಕದ್ದು. ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ ಇರ್ತಾರೆ, ಮನೆಗೆ ಫೋನ್ ಮಾಡೋವಾಗ ಲೆಕ್ಕ ಇಟ್ಕೊಳ್ಳಿ.

ಯಾವ ತಿಂಗಳು ಹೋದ್ರೆ ಒಳ್ಳೇದು?

ಜನವರಿಯಿಂದ ಮೇ ತನಕ ಮಳೆ ಕಡಿಮೆ, ಜೂನ್‌ನಿಂದ ಡಿಸೆಂಬರ್ ಮಳೆಗಾಲ. ಚಂಡಮಾರುತಗಳ ಮುಖ್ಯ ದಾರಿಗಿಂತ ದಕ್ಷಿಣಕ್ಕೆ ಇರೋದ್ರಿಂದ ಬೇರೆ ದ್ವೀಪಗಳಷ್ಟು ಭಯ ಇಲ್ಲ. ಆದ್ರೆ ನಿಮಗೆ ಏನು ಬೇಕು ಅನ್ನೋದರ ಮೇಲೆ ತಿಂಗಳು ಆರಿಸ್ಕೊಳ್ಳಿ ಅಂತ ನಾನು ಹೇಳ್ತೀನಿ. ಕಾರ್ನಿವಲ್ ಬೇಕಾ, ಅಂದ್ರೆ ವೇಷ ಹಾಕಿ ಬೀದೀಲಿ ಕುಣಿಯೋ ಹಬ್ಬ, ಫೆಬ್ರವರಿ ಅಥವಾ ಮಾರ್ಚ್ ಶುರು, 2027ರಲ್ಲಿ ಫೆಬ್ರವರಿ 8 ಮತ್ತು 9. ಆಮೆ ಮೊಟ್ಟೆ ಇಡೋದು ನೋಡ್ಬೇಕಾ, ಮಾರ್ಚ್‌ನಿಂದ ಆಗಸ್ಟ್. ದೀಪಾವಳಿಗೆ ಹೋದ್ರೆ ಚಗ್ವಾನಸ್ ಹತ್ರ ದೀವಾಳಿ ನಗರ್ ಅಂತ ದೊಡ್ಡ ಮೇಳ ನಡೆಯತ್ತೆ, ಅವತ್ತು ಇಡೀ ದೇಶಕ್ಕೆ ರಜೆ. ಒಣ ಹವೆ ತಿಂಗಳುಗಳಲ್ಲಿ ಬೆಟ್ಟದ ತುಂಬ ಪೂಯಿ ಅನ್ನೋ ಮರ ಹೂ ಬಿಟ್ಟಿರತ್ತೆ, ಗುಲಾಬಿ ಬಣ್ಣದ್ದು, ಹಳದೀದು. ಆ ಗುಲಾಬಿ ಪೂಯಿ ಬೇರೆ ಯಾವುದೂ ಅಲ್ಲ, ಬೆಂಗಳೂರಲ್ಲಿ ನಾವು ಫೋಟೋ ತೆಗೆಯೋ ಟಬೂಬಿಯಾನೇ, ಅದರ ಮೂಲ ಆ ಕಡೆಯ ದೇಶಗಳದ್ದು. ನಮ್ಮ ರಸ್ತೆ ಬದಿಯ ಮಳೆ ಮರವೂ ಅಷ್ಟೇ, ಅಲ್ಲಿ ಅದಕ್ಕೆ ಸಮಾನ್ ಅಂತಾರೆ.

ಯೆಲ್ಲೋ ಫೀವರ್ ಇಂಜೆಕ್ಷನ್ ಹಾಕಿಸ್ಕೊಳ್ಳೇಬೇಕಾ?

ಹಾಕಿಸ್ಕೊಳ್ಳಿ, ಇದನ್ನ ಲಘುವಾಗಿ ತಗೋಬೇಡಿ. ಟ್ರಿನಿಡಾಡ್ ಯೆಲ್ಲೋ ಫೀವರ್ ಪಟ್ಟಿಯಲ್ಲಿ ಇರೋದ್ರಿಂದ ಅಲ್ಲಿಂದ ಭಾರತಕ್ಕೆ ವಾಪಸ್ ಬರೋವಾಗ ನಮ್ಮ ಏರ್‌ಪೋರ್ಟಲ್ಲೇ ಸರ್ಟಿಫಿಕೇಟ್ ಕೇಳ್ತಾರೆ, ಇಲ್ದಿದ್ರೆ ಆರು ದಿನದ ತನಕ ಕ್ವಾರಂಟೈನ್‌ಗೆ ಹಾಕಬಹುದು. ಹೊರಡೋಕೆ ಕನಿಷ್ಠ 10 ದಿನ ಮುಂಚೆ ಸರ್ಕಾರ ಗುರುತಿಸಿರೋ ಕೇಂದ್ರದಲ್ಲೇ ಹಾಕಿಸಿ ಹಳದಿ ಪುಸ್ತಕ ಜೋಪಾನ ಮಾಡಿ. ಇನ್ನೊಂದು, ಫ್ಲೈಟು ಲಂಡನ್ ಅಥವಾ ಅಮೆರಿಕ ಮೇಲೆ ಹೋಗೋದಾದ್ರೆ ಟ್ರಾನ್ಸಿಟ್ ವೀಸಾ ವಿಷಯ ಟಿಕೆಟ್ ಮಾಡೋ ಮುಂಚೆನೇ ನೋಡ್ಕೊಳ್ಳಿ. ಮಿಲಿಟರಿ ಡಿಸೈನಿನ ಬಟ್ಟೆ, ಟೋಪಿ, ಬ್ಯಾಗು ಯಾವುದೂ ತಗೊಂಡು ಹೋಗ್ಬೇಡಿ, ಮಕ್ಕಳದ್ದೂ ಸೇರಿ, ಅಲ್ಲಿ ಸಾಮಾನ್ಯ ಜನ ಅದನ್ನ ಹಾಕೋದು ಕಾನೂನು ಪ್ರಕಾರ ಅಪರಾಧ.

ಸೇಫಾ ಅಲ್ಲಿ? ಮಕ್ಳುಮರಿ ಕರ್ಕೊಂಡು ಹೋಗ್ಬಹುದಾ?

ಅಪರಾಧ ಇದೆ, ಮುಚ್ಚಿಡೋದು ಬೇಡ. 2024ರ ಡಿಸೆಂಬರ್ ಕೊನೇಲಿ ಸರ್ಕಾರ ತುರ್ತು ಪರಿಸ್ಥಿತಿನೇ ಘೋಷಿಸಿತ್ತು, ಮತ್ತೆ 2025ರಲ್ಲೂ. ಹೆಚ್ಚಿನದ್ದು ಗ್ಯಾಂಗ್‌ಗಳ ನಡುವಿನ ಜಗಳ, ಆದ್ರೂ ಹೊಸಬರು ರಾತ್ರಿ ಪೋರ್ಟ್ ಆಫ್ ಸ್ಪೇನ್ ಡೌನ್‌ಟೌನಲ್ಲಿ ನಡ್ಕೊಂಡು ಓಡಾಡಬಾರದು, ಚಿನ್ನ ಹಾಕ್ಕೊಂಡು ಹೋಗಬಾರದು, ಬಿಕೋ ಅನ್ನೋ ಬೀಚಲ್ಲಿ ಕತ್ತಲಾಗೋ ತನಕ ಕೂರಬಾರದು. ಉಳ್ಕೊಳ್ಳೋ ಮನೆಯವರನ್ನ ಕೇಳಿ, ಯಾವ ರಸ್ತೆ ಬೇಡ ಅಂತ ಅವರು ನೇರವಾಗಿ ಹೇಳ್ತಾರೆ. ಮಕ್ಕಳ ಜೊತೆ ಬಂದ ನನ್ನ ಅಕ್ಕ ಭಾವ ಹತ್ತು ದಿನ ಇದ್ದು ಆರಾಮಾಗಿ ವಾಪಸ್ ಬಂದ್ರು, ಗೊತ್ತಿರೋ ಒಬ್ಬ ಡ್ರೈವರನ್ನೇ ಇಟ್ಕೊಂಡಿದ್ವಿ.

ಬಸ್ಸು ಆಟೋ ಎಲ್ಲ ಇದ್ಯಾ?

ಆಟೋ ಇಲ್ಲ. ಮ್ಯಾಕ್ಸಿ ಟ್ಯಾಕ್ಸಿ ಅಂತ ಬಿಳಿ ವ್ಯಾನು, ಅದರ ಮೇಲಿನ ಬಣ್ಣದ ಪಟ್ಟಿ ನೋಡಿ ರೂಟ್ ತಿಳ್ಕೋಬೇಕು: ಕೆಂಪು ಪಟ್ಟಿ ಪೂರ್ವಕ್ಕೆ, ಹಸಿರು ಪಟ್ಟಿ ದಕ್ಷಿಣದ ಸ್ಯಾನ್ ಫೆರ್ನಾಂಡೊ ಕಡೆಗೆ, ಹಳದಿ ಪೋರ್ಟ್ ಆಫ್ ಸ್ಪೇನ್ ಸುತ್ತಮುತ್ತ. ಕಾರ್ ಟ್ಯಾಕ್ಸಿ ಹತ್ತೋವಾಗ ನಂಬರ್ ಪ್ಲೇಟು ಎಚ್ ಅಕ್ಷರದಿಂದ ಶುರುವಾಗತ್ತಾ ನೋಡಿ, ಪಿ ಇದ್ರೆ ಅದು ಖಾಸಗಿ ಕಾರು. ಎಡಗಡೆ ಡ್ರೈವಿಂಗ್, ನಮ್ಮ ಹಾಗೇ. ಹತ್ತಿದ ತಕ್ಷಣ ಗುಡ್ ಮಾರ್ನಿಂಗ್ ಹೇಳಿ, ಹೇಳ್ದೆ ಕೂತ್ರೆ ಅಲ್ಲಿ ಸೊಕ್ಕು ಅಂತ ತಿಳ್ಕೋತಾರೆ.

## ಊಟ ತಿಂಡಿ

ಎಲ್ರೂ ಡಬಲ್ಸ್ ಡಬಲ್ಸ್ ಅಂತಾರಲ್ಲ, ಅದೇನು ಅಷ್ಟೊಂದು?

ಬಾರಾ ಅಂತ ಅರಿಶಿನ ಹಾಕಿದ ಮೈದಾ ಹಿಟ್ಟನ್ನ ಹುದುಗಿಸಿ ಅಂಗೈಯಗಲ ತಟ್ಟಿ ಎಣ್ಣೇಲಿ ಬಿಟ್ಟು ತೆಗೀತಾರೆ, ಹತ್ತಿ ಥರ ಮೆತ್ತಗೆ ಇರತ್ತೆ. ಹೆಸರು ನಮ್ಮ ವಡೆಗೇ ನೆಂಟ. ಅಂಥ ಎರಡು ಬಾರಾ ಒಂದರ ಮೇಲೊಂದು ಅಂಚು ಸೇರಿಸಿ ಹಾಕಿ ಮೇಲೆ ಕಾಬೂಲಿ ಕಡಲೆ ಪಲ್ಯ, ಅದು ಗೊಜ್ಜಿನಷ್ಟು ತೆಳ್ಳಗೆ, ಆಮೇಲೆ ಹುಣಸೆ ಚಟ್ನಿ, ಸೌತೇಕಾಯಿ ತುರಿ, ಕುಚೇಲಾ ಅನ್ನೋ ಮಾವಿನಕಾಯಿ ತುರಿ ಉಪ್ಪಿನಕಾಯಿ, ಕೊನೇಲಿ ಖಾರ. ಎರಡು ಬಾರಾ ಇರೋದಕ್ಕೇ ಡಬಲ್ಸ್. 1930ರ ದಶಕದಲ್ಲಿ ಪ್ರಿನ್ಸಸ್ ಟೌನಿನ ದೀನ್ ಅನ್ನೋ ಮನೆತನದವರು ಶುರು ಮಾಡಿದ್ದು ಅಂತ ಅಲ್ಲಿ ಎಲ್ರೂ ಒಪ್ತಾರೆ.

ಆದ್ರೆ ನೋಡಬೇಕಾಗಿರೋದು ಮಾರೋರ ಕೈ. ಬೆಳಿಗ್ಗೆ ಆರಕ್ಕೆ ಗಾಡಿ ಸುತ್ತ ಇಪ್ಪತ್ತು ಜನ, ಬ್ಯಾಂಕಿಗೆ ಹೋಗೋರು, ಪೊಲೀಸು, ಸ್ಕೂಲ್ ಯೂನಿಫಾರ್ಮ್ ಮಕ್ಕಳು, ಒಬ್ಬೊಬ್ಬರೂ ಒಂದೊಂದು ಕೂಗ್ತಾರೆ, ಇವರು ಎಡಗೈಯಲ್ಲಿ ಒಂದು ಚೌಕ ಕಾಗದ ಹಿಡಿದು, ಬಟ್ಟೆ ಮುಚ್ಚಿದ ಡಬ್ಬದಿಂದ ಬಾರಾ ಎಳೆದು, ಚಮಚ ಮೂರು ಸಲ ತಿರುಗಿಸಿ, ಎರಡೂ ತುದಿ ಹಿಡಿದು ಗಿರ್ ಅಂತ ಸುತ್ತಿ ಕೊಡೋ ಹೊತ್ತಿಗೆ ಮೂರು ಸೆಕೆಂಡ್ ಆಗಿರಲ್ಲ. ಯಾರಿಗೆ ಖಾರ ಎಷ್ಟು ಅಂತ ತಪ್ಪೋದೇ ಇಲ್ಲ. ದುಡ್ಡು ಮೊದಲು ಕೊಡೋ ಪದ್ಧತಿ ಇಲ್ಲ, ತಿಂದು ಮುಗಿಸಿ ಎಷ್ಟು ತಿಂದ್ರಿ ಅಂತ ನೀವೇ ಹೇಳಿ ಕೊಡ್ಬೇಕು, ನಂಬಿಕೆ ಮೇಲೆ ನಡೆಯತ್ತೆ. ಚಮಚ ಕೊಡಲ್ಲ. ಮೇಲಿನ ಬಾರಾ ಹರಿದು ಅದರಲ್ಲೇ ಕಡಲೆ ಬಾಚ್ಕೊಂಡು ತಿನ್ನಿ, ಬಗ್ಗಿ ತಿನ್ನಿ, ಬಿಳಿ ಶರ್ಟ್ ಹಾಕ್ಬೇಡಿ.

ಖಾರ ಎಷ್ಟಿರತ್ತೆ? ನಾವು ಗುಂಟೂರು ಮೆಣಸಿನಕಾಯಿ ತಿನ್ನೋರು, ನಮಗೇನು ಮಹಾ

ಬೇಡ ಸ್ವಾಮಿ. ಮೊರೂಗಾ ಸ್ಕಾರ್ಪಿಯನ್ ಅನ್ನೋ ಮೆಣಸಿನಕಾಯಿ ಈ ದ್ವೀಪದ್ದೇ, 2012ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯವರು ಅದನ್ನೇ ಜಗತ್ತಿನಲ್ಲಿ ಅತಿ ಖಾರ ಅಂತ ಅಳೆದಿದ್ರು. ದಿನಾ ಬಳಸೋ ಪೆಪ್ಪರ್ ಸಾಸ್ ಅಷ್ಟಿರಲ್ಲ, ಆದ್ರೂ ಹಸಿ ಮೆಣಸಿನ ವಾಸನೆ ಜೊತೆ ಮೂಗಿಗೆ ಏರತ್ತೆ. ಮೊದಲ ಸಲ "ಸ್ಲೈಟ್" ಅಂತ ಹೇಳಿ, ಅಂದ್ರೆ ಸ್ವಲ್ಪ. ಸರಿ ಹೋದ್ರೆ ಎರಡನೇ ಡಬಲ್ಸ್‌ಗೆ ಮೀಡಿಯಂ ಕೇಳಿ.

ನಾವು ಪಕ್ಕಾ ವೆಜಿಟೇರಿಯನ್, ಬ್ರೆಡ್ಡು ಬಾಳೆಹಣ್ಣೇ ಗತಿನಾ?

ಕೆರಿಬಿಯನ್‌ನಲ್ಲಿ ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆ ದ್ವೀಪ ನಂಗೆ ಗೊತ್ತಿಲ್ಲ. ಜನರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಭಾರತದಿಂದ ಹೋದವರ ಮಕ್ಕಳು ಮೊಮ್ಮಕ್ಕಳು. ಬೆಳಿಗ್ಗೆ ಸಾದಾ ರೋಟಿ ಜೊತೆ ಬೈಗನ್ ಚೋಕಾ ಸಿಗತ್ತೆ, ಅದು ಕೆಂಡದ ಮೇಲೆ ಬದನೆಕಾಯಿ ಸುಟ್ಟು ಕಿವುಚಿ ಬೆಳ್ಳುಳ್ಳಿ ಒಗ್ಗರಣೆ ಹಾಕೋದು, ನಮ್ಮ ಸುಟ್ಟ ಬದನೆಕಾಯಿ ಗೊಜ್ಜೇ, ಹುಣಸೆಹಣ್ಣು ಮಾತ್ರ ಇಲ್ಲ. ಒಗ್ಗರಣೆಗೆ ಅವರು ಚುಂಕೆ ಅಂತಾರೆ. ಅಲಸಂದೆಕಾಯಿಗೆ ಬೋಡಿ, ಹಾಗಲಕಾಯಿಗೆ ಕರೈಲಿ.

ಕರಾವಳಿ ಕಡೆಯವರು, ಮಲೆನಾಡಿನವರು ದಕ್ಷಿಣದ ಡೆಬೆ ಅನ್ನೋ ಊರಿಗೆ ಹೋಗಲೇಬೇಕು. ಅಲ್ಲಿ ರಸ್ತೆ ಉದ್ದಕ್ಕೂ ಅಂಗಡಿ ಸಾಲು, ಸಾಹೀನಾ ಅಂತ ಕೊಡ್ತಾರೆ: ಕೆಸುವಿನ ಎಲೆಗೆ ಬೇಳೆ ಹಿಟ್ಟು ಬಳಿದು ಸುರುಳಿ ಸುತ್ತಿ ಕೊಯ್ದು ಎಣ್ಣೇಲಿ ಕರಿಯೋದು. ನಾನು ಮೊದಲ ಸಲ ಬಾಯಿಗೆ ಇಟ್ಟಾಗ ಪತ್ರೊಡೆ ನೆನಪಾಗಿ ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದ್ದೆ, ಇಲ್ಲಿ ರಾತ್ರಿ ಎರಡು ಗಂಟೆ ಆಗಿತ್ತು. ಅವರ ಕೆಸುವಿಗೆ ಹೆಸರು ಡಶೀನ್. ಜೀಗುಜ್ಜೆ ಕೂಡ ಸಿಗತ್ತೆ, ತೆಂಗಿನ ಹಾಲಲ್ಲಿ ಬೇಯಿಸ್ತಾರೆ. ಕಲಾಲೂ ಅನ್ನೋದು ಕೆಸುವಿನ ಸೊಪ್ಪು, ಬೆಂಡೆಕಾಯಿ, ತೆಂಗಿನ ಹಾಲು ಸೇರಿಸಿ ಕಡೆದ ಸಾರು, ಆದ್ರೆ ಅದಕ್ಕೆ ಏಡಿ ಹಾಕೋ ರೂಢಿ ಇದೆ, ಕೇಳಿ ತಗೊಳ್ಳಿ.

ರೋಟಿ ಅಂದ್ರೆ ನಮ್ಮ ರೊಟ್ಟಿನೇನಾ?

ಹೆಸರು ಅದೇ, ಆದ್ರೆ ಅಲ್ಲಿ ಅದರಲ್ಲೇ ಎರಡು ಮೂರು ಬಗೆ. ದಾಲ್‌ಪೂರಿ ಅಂದ್ರೆ ಬಟಾಣಿ ಬೇಳೆ ಬೇಯಿಸಿ ಜೀರಿಗೆ ಬೆಳ್ಳುಳ್ಳಿ ಜೊತೆ ಪುಡಿ ಮಾಡಿ ಹಿಟ್ಟಿನ ಉಂಡೆ ಒಳಗೆ ತುಂಬಿ ತೆಳ್ಳಗೆ ಲಟ್ಟಿಸೋದು, ಬೆಲ್ಲ ಹಾಕದ ಒಬ್ಬಟ್ಟು ಅಂತ ಅಂದ್ಕೊಳ್ಳಿ, ಆದ್ರೆ ಅಗಲ ಒಂದು ಮೊಳದ ಹತ್ರ. ಅದರೊಳಗೆ ಕರಿ ಹಾಕಿ ಮಡಚಿ ಪೊಟ್ಟಣ ಕಟ್ಟಿ ಕೊಡ್ತಾರೆ. ಇನ್ನೊಂದು ಪರಾಠ, ತವಾ ಮೇಲೇ ಎರಡು ಮರದ ಪಟ್ಟಿಯಿಂದ ಬಡಿದು ಬಡಿದು ಚಿಂದಿ ಮಾಡ್ತಾರೆ, ಹರಿದ ಶರ್ಟಿನ ಥರ ಕಾಣತ್ತೆ ಅಂತ ಅದಕ್ಕೆ ಬಸ್-ಅಪ್-ಶಟ್ ಅಂತಾನೇ ಹೆಸರು.

ನಾನ್‌ವೆಜ್ ತಿನ್ನೋರು ಏನು ತಿನ್ಬೇಕು?

ಮರಾಕಸ್ ಬೀಚಲ್ಲಿ ಬೇಕ್ ಅಂಡ್ ಶಾರ್ಕ್, ಕರಿದ ಬ್ರೆಡ್ ಒಳಗೆ ಶಾರ್ಕ್ ಮೀನು, ಮೇಲೆ ಶಾಡೋ ಬೆನಿ ಚಟ್ನಿ. ಶಾಡೋ ಬೆನಿ ಅಂದ್ರೆ ಉದ್ದ ಎಲೆಯ, ಕೊತ್ತಂಬರಿಗಿಂತ ಗಾಢ ವಾಸನೆಯ ಸೊಪ್ಪು, ಅದಿಲ್ದೆ ಅಲ್ಲಿ ಅಡುಗೆನೇ ಇಲ್ಲ. ಮನೆಯೂಟ ಬೇಕಂದ್ರೆ ಪೆಲಾವ್: ಎಣ್ಣೇಲಿ ಸಕ್ಕರೆ ಕಂದು ಬಣ್ಣಕ್ಕೆ ಬರೋ ತನಕ ಕಾಯಿಸಿ ಅದರಲ್ಲಿ ಕೋಳಿ ಹೊರಳಿಸಿ ಆಮೇಲೆ ಅಕ್ಕಿ, ಹಸಿ ತೊಗರಿಕಾಳು, ತೆಂಗಿನ ಹಾಲು. ಟೊಬೇಗೊದಲ್ಲಾದ್ರೆ ಏಡಿ ಮತ್ತೆ ಡಂಪ್ಲಿಂಗ್.

## ಕಣ್ಣಿಗೆ

ಮೂರೇ ದಿನ ಇರೋದು, ಏನೇನು ನೋಡ್ಲಿ?

ಒಂದು ಸಂಜೆ ಕರೋನಿ ಜೌಗು ಪ್ರದೇಶಕ್ಕೆ ಕೊಡಿ, ಮಿಕ್ಕಿದ್ದು ಹೇಗಾದ್ರೂ ಆಗ್ಲಿ. ಮಧ್ಯಾಹ್ನ ನಾಲ್ಕರ ಸುಮಾರಿಗೆ ದೋಣಿ ಹೊರಡತ್ತೆ, ಕಾಂಡ್ಲಾ ಗಿಡಗಳ ಮಧ್ಯೆ ಕಾಲುವೇಲಿ ನಿಧಾನ ಹೋಗ್ತಾ ದೋಣಿಯವರು ಕೊಂಬೆಗೆ ಸುತ್ಕೊಂಡ ಹಾವು ತೋರಿಸ್ತಾರೆ. ಆಮೇಲೆ ಅಗಲವಾದ ನೀರಿಗೆ ಬಂದು ಎಂಜಿನ್ ಆಫ್ ಮಾಡ್ತಾರೆ. ಎದುರಿಗೆ ಒಂದು ಹಸಿರು ನಡುಗಡ್ಡೆ. ಮೊದಲು ಮೂರು, ಆಮೇಲೆ ಹತ್ತು, ಆಮೇಲೆ ಸಾಲು ಸಾಲಾಗಿ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳು ಬಂದು ಕೂರ್ತಾವೆ. ಕೆಂಪು ಅಂದ್ರೆ ಕುಂಕುಮದ ಕೆಂಪು, ಬೆಳಕು ಇಳೀತಾ ಇಳೀತಾ ಇಡೀ ಗಿಡ ಹೂ ಬಿಟ್ಟ ಹಾಗೆ ಆಗತ್ತೆ. ಮರಿಗಳು ಬೂದು ಕಂದು ಬಣ್ಣ, ಏಡಿ ಸಿಗಡಿ ತಿಂದೂ ತಿಂದೂ ಅದರಲ್ಲಿರೋ ಬಣ್ಣದಿಂದ ಕೆಂಪಾಗ್ತವೆ. ನಮ್ಮ ದೋಣೀಲಿ ಮೂವತ್ತು ಜನ ಇದ್ರು, ಹದಿನೈದು ನಿಮಿಷ ಯಾರೂ ಮಾತಾಡ್ಲಿಲ್ಲ.

ಇನ್ನೊಂದು ದಿನ ಉತ್ತರ ಕರಾವಳಿ ರಸ್ತೇಲಿ ಮರಾಕಸ್, ಅಲ್ಲಿಂದ ಮುಂದೆ ಲಾಸ್ ಕ್ವೇವಾಸ್. ಬೆಟ್ಟದ ತಿರುವುಗಳು ಚಾರ್ಮಾಡಿ ಥರ, ಒಂದೇ ವ್ಯತ್ಯಾಸ ಕೆಳಗೆ ಸಮುದ್ರ ಕಾಣತ್ತೆ. ದಾರೀಲಿ ವ್ಯೂಪಾಯಿಂಟ್ ಹತ್ರ ಚೌ ಮಾರ್ತಾರೆ, ಅನಾನಸ್ ಅಥವಾ ಮಾವಿನಕಾಯಿಗೆ ಉಪ್ಪು, ಖಾರ, ನಿಂಬೆ, ಶಾಡೋ ಬೆನಿ ಕಲಸಿದ್ದು, ಗಾಡಿ ನಿಲ್ಸಿ ತಗೊಳ್ಳಿ. ಮೂರನೇ ದಿನ ಊರೊಳಗೆ ಕ್ವೀನ್ಸ್ ಪಾರ್ಕ್ ಸವಾನಾ ಅನ್ನೋ ದೊಡ್ಡ ಮೈದಾನ ಸುತ್ತು ಹಾಕಿ, ಎಳನೀರು ಕುಡೀರಿ.

ಡಾಂಬರಿನ ಕೆರೆ ಅಂತ ಇದ್ಯಂತೆ, ನಿಜಾನಾ?

ನಿಜ. ಲಾ ಬ್ರಿಯಾದಲ್ಲಿ ಸುಮಾರು 100 ಎಕರೆ, ನೆಲದೊಳಗಿಂದ ತಾನಾಗೇ ಉಕ್ಕಿದ ಡಾಂಬರು. ಮೇಲೆ ನಡೀಬಹುದು, ಆನೆ ಚರ್ಮದ ಹಾಗೆ ಸುಕ್ಕು ಸುಕ್ಕು, ಕೆಲವು ಕಡೆ ಕಾಲಿಟ್ರೆ ಮೆತ್ತಗೆ ತಗ್ಗತ್ತೆ, ಅದಕ್ಕೇ ಗೈಡ್ ಇಲ್ದೆ ಹೋಗಬಾರದು. 1595ರಲ್ಲಿ ಇಂಗ್ಲೆಂಡಿನ ನಾವಿಕ ವಾಲ್ಟರ್ ರ‍್ಯಾಲಿ ತನ್ನ ಹಡಗಿನ ಬಿರುಕಿಗೆ ಇದನ್ನೇ ಬಳಿದಿದ್ದ. ನೋಡೋಕೆ ಚೆಂದ ಅಂತ ಹೇಳಲ್ಲ, ಆದ್ರೆ ಇಂಥದ್ದು ಜಗತ್ತಲ್ಲೇ ಅಪರೂಪ.

ಟೊಬೇಗೊಗೂ ಹೋಗಲೇಬೇಕಾ?

ನಾಲ್ಕು ದಿನಕ್ಕಿಂತ ಹೆಚ್ಚು ಇದ್ರೆ ಹೋಗಿ. ವಿಮಾನದಲ್ಲಿ 25 ನಿಮಿಷ, ಇಲ್ಲಾಂದ್ರೆ ಫೆರಿ. ಕ್ಯಾಲೆಂಡರಲ್ಲಿ ಬರೋ ಕೆರಿಬಿಯನ್ ಬೀಚು ಅಲ್ಲಿದೆ, ಪಿಜನ್ ಪಾಯಿಂಟ್, ಮತ್ತೆ ಬುಕ್ಕೂ ರೀಫ್ ಅನ್ನೋ ಹವಳದ ದಿಬ್ಬ. ನಂಗೆ ಮಾತ್ರ ಅಲ್ಲಿನ ಮೇನ್ ರಿಡ್ಜ್ ಕಾಡೇ ಹೆಚ್ಚು ಇಷ್ಟ ಆಯ್ತು, 1776ರಲ್ಲೇ ಮಳೆ ಬರೋದು ನಿಲ್ಲಬಾರದು ಅಂತ ಕಾನೂನು ಮಾಡಿ ಉಳಿಸಿದ ಕಾಡು ಅದು.

ಅಲ್ಲಿನ ದೊಡ್ಡ ಹನುಮಂತನಿಗೂ ಮೈಸೂರಿಗೂ ಏನೋ ಸಂಬಂಧ ಇದ್ಯಂತಲ್ಲ?

ಇದೆ. ಕರಾಪಿಚೈಮಾದಲ್ಲಿರೋ 85 ಅಡಿ ಹನುಮಂತನ ಮೂರ್ತಿ ಮೈಸೂರಿನ ಅವಧೂತ ದತ್ತ ಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮದ್ದು, 2003ರಲ್ಲಿ ಪ್ರತಿಷ್ಠೆ ಆಯ್ತು, ಪಕ್ಕದ ದತ್ತಾತ್ರೇಯ ದೇವಸ್ಥಾನ ದಕ್ಷಿಣ ಭಾರತದ ಶೈಲೀಲೇ ಕಟ್ಟಿದ್ದು.

ಅಲ್ಲಿಗೆ ಹೋದವರು ಹತ್ರದಲ್ಲೇ ಇರೋ ವಾಟರ್‌ಲೂನ ಸಮುದ್ರದ ದೇವಸ್ಥಾನ ಬಿಟ್ಟು ಬರಬೇಡಿ. ಸೀವ್‌ದಾಸ್ ಸಾಧು ಅನ್ನೋ ಕಬ್ಬಿನ ತೋಟದ ಕೂಲಿಯವರು 1947ರ ಹೊತ್ತಿಗೆ ದಡದಲ್ಲಿ ಒಂದು ಗುಡಿ ಕಟ್ಟಿದ್ರು, ಜಾಗ ಸಕ್ಕರೆ ಕಂಪನೀದು ಅಂತ 1952ರಲ್ಲಿ ಕೆಡವಿ ಅವರನ್ನ ಜೈಲಿಗೂ ಹಾಕಿದ್ರು. ಹೊರಗೆ ಬಂದವರು, ಭೂಮಿ ತಾನೇ ನಿಮ್ದು, ಸಮುದ್ರ ಯಾರ್ದೂ ಅಲ್ವಲ್ಲ ಅಂತ ಸೈಕಲ್ ಮೇಲೆ ಕಲ್ಲು ಸಿಮೆಂಟ್ ಹೊತ್ತು ನೀರು ಇಳಿದಾಗ ಸುರಿದು ಸುರಿದು, ವರ್ಷಗಟ್ಟಲೆ ಒಬ್ಬರೇ ದಡದಿಂದ 500 ಅಡಿ ಒಳಗೆ ಮತ್ತೆ ಕಟ್ಟಿದ್ರು. ಈಗಿನ ಕಟ್ಟಡ ಆಮೇಲೆ ಸರ್ಕಾರ ಸೇರಿ ಮಾಡಿದ್ದು. ಹೊರಗೆ ಸಾಧು ಅವರ ಪ್ರತಿಮೆ ಇದೆ, ನಾನು ಮೊದಲು ಅದಕ್ಕೇ ಕೈ ಮುಗಿದೆ.

## ಕಿವಿಗೆ

ಸ್ಟೀಲ್‌ಪ್ಯಾನ್ ಅಂದ್ರೆ ಎಣ್ಣೆ ಡ್ರಮ್ಮೇನಾ? ಅದ್ರಿಂದ ಸ್ವರ ಹೇಗೆ ಬರತ್ತೆ?

ಹೌದು, ನಮ್ಮಲ್ಲಿ ನೀರು ತುಂಬಿಸೋ ಅದೇ ದೊಡ್ಡ ಡ್ರಮ್ಮು. ತಳವನ್ನ ಸುತ್ತಿಗೇಲಿ ಬಡಿದು ಬಡಿದು ಬಾಣಲೆ ಥರ ತಗ್ಗಿಸ್ತಾರೆ, ಒಳಗೆ ಒಂದೊಂದು ಸ್ವರಕ್ಕೂ ಗೆರೆ ಹಾಕಿ ಮೊಳೆಯಿಂದ ಚುಕ್ಕಿ ಗುದ್ದಿ ಬೇರೆ ಮಾಡ್ತಾರೆ, ಡ್ರಮ್ ಕತ್ತರಿಸಿ ಬೆಂಕೀಲಿ ಕಾಯಿಸಿ, ಆಮೇಲೆ ಶ್ರುತಿ ಮಾಡೋರು ಸಣ್ಣ ಸುತ್ತಿಗೆಯಿಂದ ಕೆಳಗಿಂದ ಮೇಲಿಂದ ತಟ್ಟಿ ಒಂದೊಂದನ್ನೂ ಸರಿ ಮಾಡ್ತಾರೆ. ಅಗಲ ಜಾಗ ಮಂದ್ರ, ಸಣ್ಣ ಜಾಗ ತಾರ. ಟೆನರ್ ಪ್ಯಾನ್ ಒಂದರಲ್ಲೇ ಮೂವತ್ತರ ಹತ್ರ ಸ್ವರ, ಬೇಸ್‌ಗೆ ಒಂದು ಇಡೀ ಡ್ರಮ್ಮಿಗೆ ಮೂರೇ, ಹಾಗಾಗಿ ಒಬ್ಬ ಮನುಷ್ಯ ಆರು ಒಂಬತ್ತು ಡ್ರಮ್ ಮಧ್ಯೆ ನಿಂತು ಸುತ್ತ ತಿರುಗ್ತಾ ನುಡಿಸ್ತಾನೆ. ಕೋಲಿನ ತುದಿಗೆ ರಬ್ಬರ್.

ಇದು ಬಂದಿದ್ದು ಹಟದಿಂದ. 1880ರ ದಶಕದಲ್ಲಿ ಬ್ರಿಟಿಷರು ಕರಿಯರ ಚರ್ಮವಾದ್ಯಗಳಿಗೆ ತಡೆ ಹಾಕಿದ್ರು. ಜನ ಬಿದಿರಿನ ಬೊಂಬು ನೆಲಕ್ಕೆ ಕುಟ್ಟಿ ತಾಳ ಹಿಡಿದ್ರು, ಅದು ಟಾಂಬು ಬಾಂಬೂ. 1930ರ ದಶಕದ ಕೊನೇಲಿ ಬಿಸ್ಕತ್ ಡಬ್ಬ, ಕಸದ ಡಬ್ಬದ ಮುಚ್ಚಳ, ಆಮೇಲೆ ಎಣ್ಣೆ ಡ್ರಮ್ಮು. ವಿನ್‌ಸ್ಟನ್ ಸ್ಪ್ರೀ ಸೈಮನ್, ಎಲ್ಲಿ ಮ್ಯಾನೆಟ್, ಆಂಟನಿ ವಿಲಿಯಮ್ಸ್ ಇಂಥ ಬಡ ಬೀದಿಯ ಹುಡುಗರು ಇದನ್ನ ವಾದ್ಯ ಮಾಡಿದ್ರು, 1951ರಲ್ಲಿ ಲಂಡನ್‌ಗೂ ಹೋಗಿ ನುಡಿಸಿ ಬಂದ್ರು. ಈಗ ಅದು ರಾಷ್ಟ್ರೀಯ ವಾದ್ಯ. ದೇಶದ ಲಾಂಛನದಲ್ಲಿದ್ದ ಕೊಲಂಬಸ್‌ನ ಮೂರು ಹಡಗು ತೆಗೆದು ಅಲ್ಲಿ ಪ್ಯಾನ್ ಹಾಕೋಕೆ 2025ರಲ್ಲಿ ಕಾನೂನು ಪಾಸಾಯ್ತು.

ಪ್ಯಾನ್ ಕೇಳೋಕೆ ಟಿಕೆಟ್ ತಗೋಬೇಕಾ?

ಕಾರ್ನಿವಲ್ ಹೊತ್ತಲ್ಲಿ ಪ್ಯಾನ್ ಬ್ಯಾಂಡುಗಳ ನಡುವೆ ನಡೆಯೋ ಪನೋರಮಾ ಸ್ಪರ್ಧೆ ಫೈನಲ್ಲಿಗೆ ಬೇಕು, ಅದು 1963ರಿಂದ ನಡೀತಿದೆ. ಆದ್ರೆ ಅದಕ್ಕಿಂತ ಮುಂಚಿನ ವಾರಗಳಲ್ಲಿ ಪ್ಯಾನ್‌ಯಾರ್ಡ್‌ಗೆ ಹೋಗಿ, ಅಂದ್ರೆ ಬ್ಯಾಂಡಿನವರು ರಾತ್ರಿ ಅಭ್ಯಾಸ ಮಾಡೋ ಬಯಲು. ಡೆಸ್ಪೆರಾಡೋಸ್, ರೆನೆಗೇಡ್ಸ್, ಆಲ್ ಸ್ಟಾರ್ಸ್, ಎಕ್ಸೋಡಸ್, ಒಂದೊಂದಕ್ಕೂ ತಮ್ಮದೇ ಜಾಗ. ನೂರಕ್ಕೂ ಹೆಚ್ಚು ಜನ, ಸ್ಕೂಲ್ ಹುಡುಗಿ ಪಕ್ಕ ನಿವೃತ್ತ ಮೇಷ್ಟ್ರು, ಹೆಚ್ಚಿನವರ ಮುಂದೆ ಸ್ವರ ಬರೆದ ಹಾಳೆ ಇರಲ್ಲ, ಕಿವೀಲೇ ಕಲಿಯೋದು. ಎಂಟು ನಿಮಿಷದ ಸಂಗೀತದಲ್ಲಿ ಒಂದೇ ಒಂದು ಸಾಲನ್ನ ಅರ್ಧ ಗಂಟೆ ಮತ್ತೆ ಮತ್ತೆ ನುಡಿಸ್ತಾರೆ, ಆ ಸಾಲು ಸರಿಯಾದ ಗಳಿಗೇಲಿ ನೂರು ಜನರ ಮುಖದಲ್ಲೂ ಗೊತ್ತಾಗತ್ತೆ. ಬೇಸ್ ಹತ್ರ ನಿಂತ್ಕೊಳ್ಳಿ, ಎದೆ ಒಳಗೇ ಬಡಿಯತ್ತೆ.

ಕಲಿಪ್ಸೋ, ಸೋಕಾ, ಚಟ್ನಿ – ಎಲ್ಲ ಒಂದೇ ಥರ ಕೇಳ್ಸತ್ತಪ್ಪ, ವ್ಯತ್ಯಾಸ ಏನು?

ಕಲಿಪ್ಸೋಗೆ ಮಾತು ಮುಖ್ಯ. ಸರ್ಕಾರ, ಪಕ್ಕದ ಮನೆ ಗುಟ್ಟು, ಕ್ರಿಕೆಟ್ಟು ಎಲ್ಲ ಹಾಡಾಗತ್ತೆ, ಜನ ಸಾಹಿತ್ಯ ಕೇಳಿ ಚಪ್ಪಾಳೆ ಹೊಡೀತಾರೆ, ನಮ್ಮ ಲಾವಣಿಯವರು ಆ ಕೆಲಸ ಮಾಡ್ತಿದ್ರು. ಮೈಟಿ ಸ್ಪ್ಯಾರೋ, ಲಾರ್ಡ್ ಕಿಚನರ್ ಇಂದ ಶುರು ಮಾಡಿ, ಕಲಿಪ್ಸೋ ರೋಸ್ ಬಿಡಬೇಡಿ, 1978ರಲ್ಲಿ ಕಿರೀಟ ಗೆದ್ದ ಮೊದಲ ಹೆಂಗಸು. ಗಂಡಸೇ ಗೆಲ್ತಾನೆ ಅನ್ನೋ ಲೆಕ್ಕದಲ್ಲಿ ಕಲಿಪ್ಸೋ ಕಿಂಗ್ ಅಂತಿದ್ದ ಬಿರುದನ್ನೇ ಆಮೇಲೆ ಬದಲಾಯಿಸ್ಬೇಕಾಯ್ತು.

ಸೋಕಾ ಕುಣಿಯೋಕೆ. 1970ರ ದಶಕದ ಶುರುವಲ್ಲಿ ಲಾರ್ಡ್ ಶಾರ್ಟಿ ಅನ್ನೋ ಹಾಡುಗಾರರು ಮಾಡಿದ್ದು, ಅವರು ಭಾರತೀಯರು ಹೆಚ್ಚಿದ್ದ ಹಳ್ಳೀಲಿ ಬೆಳೆದವರು, ಕಲಿಪ್ಸೋಗೆ ಢೋಲಕ್ ಮತ್ತೆ ಧಂತಾಲ್ ತಾಳ ಸೇರಿಸಿದ್ರು. ಧಂತಾಲ್ ಅಂದ್ರೆ ಉದ್ದ ಕಬ್ಬಿಣದ ಸರಳು, ಲಾಳದಾಕಾರದ ತುಂಡಲ್ಲಿ ಹೊಡೆಯೋದು, ನಮ್ಮ ದೇಶದಲ್ಲಿ ನಾನು ಅದನ್ನ ಎಲ್ಲೂ ಕೇಳಿರ್ಲಿಲ್ಲ. ಚಟ್ನಿ ಸಂಗೀತ ಭೋಜ್‌ಪುರಿ ಮದುವೆ ಹಾಡಿಂದ ಬಂದಿದ್ದು, ಹೆಂಗಸರು ಒಳಮನೇಲಿ ಹಾಡ್ತಿದ್ದ ಹಾಡು. 1970ರ ಸುಮಾರಿಗೆ ಸುಂದರ್ ಪೋಪೋ ಹಿಂದಿ ಇಂಗ್ಲಿಷ್ ಬೆರೆಸಿ ರೆಕಾರ್ಡ್ ಮಾಡಿದ ಮೇಲೆ ಅದು ಬೀದಿಗೆ ಬಂತು. ದ್ರುಪತಿ ರಾಮ್‌ಗೂನೈ ಅದನ್ನ ಸೋಕಾ ಜೊತೆ ಹಾಡಿದಾಗ, ಮನೆ ಹೆಣ್ಣುಮಗಳು ಸ್ಟೇಜ್ ಹತ್ತಿದ್ಲು ಅಂತ ತಮ್ಮವರಿಂದಲೇ ಬೈಸ್ಕೊಂಡ್ರು, ಇವತ್ತು ಅವರ ಹಾಡಿಲ್ದೆ ಮದುವೆ ಇಲ್ಲ.

ತಾಸಾ ಬಡಿಯೋದು ಎಲ್ಲಿ ಕೇಳ್ಬಹುದು?

ಹಿಂದೂ ಮದುವೆ ಮೆರವಣಿಗೇಲಿ, ಮತ್ತೆ ಸೇಂಟ್ ಜೇಮ್ಸ್‌ನ ಹೋಸೇಲಿ, ಅಂದ್ರೆ ಮೊಹರಂ. ಬಿದಿರು ಕಾಗದದ ದೊಡ್ಡ ತಾಜಿಯಾ ರಾತ್ರಿ ಬೀದೀಲಿ ಬರತ್ತೆ, ಹಿಂದೂ, ಮುಸ್ಲಿಂ, ಕರಿಯರು ಎಲ್ರೂ ಬಡೀತಾರೆ. ಕಲ್ಯಾಣ ಕರ್ನಾಟಕದವರಿಗೆ ಇದು ಹೊಸದಲ್ಲ, ನಿಮ್ಮೂರ ಅಲಾಯಿ ಹಬ್ಬದಲ್ಲಿ ಹಿಂದೂಗಳೂ ಹೆಜ್ಜೆ ಹಾಕ್ತಾರಲ್ಲ, ಅದೇ. ರಸ್ತೆ ಬದಿ ಕಾಗದ, ಕಟ್ಟಿಗೆ ಉರಿಸಿ ತಾಸಾ ಬೋಗುಣಿಯನ್ನ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡ್ಕೊತಾರೆ, ಮಧ್ಯೆ ಮಧ್ಯೆ ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳ್ತಾರೆ, ನಮ್ಮ ತಮಟೆಯವರು ಮಾಡೋ ಹಾಗೇ.

ಕಾರ್ನಿವಲ್ ಅಂದ್ರೆ ಬರೀ ಬಿಕಿನಿ, ಕುಡಿತ ಅಂತಾರಲ್ಲ?

ಫೋಟೋದಲ್ಲಿ ಬರೋದು ಮಂಗಳವಾರದ ಗರಿ, ಮಣಿ. ಶುರುವಾಗೋದು ಸೋಮವಾರ ನಸುಕಿನ ನಾಲ್ಕಕ್ಕೆ, ಜೂವೇ ಅಂತಾರೆ, ಮೈ ತುಂಬ ಮಣ್ಣು, ಬಣ್ಣ, ಎಣ್ಣೆ ಬಳ್ಕೊಂಡು ಕತ್ತಲಲ್ಲಿ ಹೊರಟು ಸೂರ್ಯ ಹುಟ್ಟೋ ತನಕ ಕುಣಿಯೋದು. ಗುಲಾಮಗಿರಿಯಿಂದ ಬಿಡುಗಡೆ ಆದವರು ಮಾಡಿದ ಹಬ್ಬ ಇದು, 1881ರಲ್ಲಿ ಪೊಲೀಸರು ನಿಲ್ಲಿಸೋಕೆ ಬಂದಾಗ ಜನ ಪಂಜು, ಕೋಲು ಹಿಡಿದು ಎದುರು ನಿಂತಿದ್ರು. ಕೋಲುಗಾಲು ಕಟ್ಟಿದ ಮೊಕೊ ಜಂಬಿ, ಪರಾಮಿನ್ ಬೆಟ್ಟದ ನೀಲಿ ದೆವ್ವಗಳು, ಇವನ್ನ ನೋಡಿ. ಮಕ್ಕಳಿಗೆ ಬೇರೆಯಾಗಿ ಕಾರ್ನಿವಲ್ ಇರತ್ತೆ, ಅದು ಶಾಂತವಾಗಿ ಚೆನ್ನಾಗಿರತ್ತೆ.

ಅಲ್ಲಿನ ಇಂಡಿಯನ್ಸ್ ನಮ್ಮವರೇ ತಾನೆ, ಹಿಂದೀಲಿ ಮಾತಾಡ್ಸಿದ್ರೆ ಆಯ್ತಲ್ಲ?

1845ರ ಮೇ 30ಕ್ಕೆ ಮೊದಲ ಹಡಗು ಫತೆಲ್ ರಜಾಕ್ ಬಂತು, 1917ರ ತನಕ ಸುಮಾರು 1 ಲಕ್ಷ 47 ಸಾವಿರ ಜನ ಕಬ್ಬಿನ ಗದ್ದೆಗೆ ಕರಾರಿನ ಕೂಲಿಗಳಾಗಿ ಹೋದ್ರು, ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಈಗ ಮನೇಲಿ ಮಾತಾಡೋದು ಟ್ರಿನಿಡಾಡಿನ ಇಂಗ್ಲಿಷು. ಹಿಂದಿ ಉಳಿದಿರೋದು ಹಾಡಲ್ಲಿ, ಅಡುಗೆಮನೇಲಿ, ನಾನಾ ನಾನಿ ಆಜಾ ಆಜಿ ಅನ್ನೋ ಕರೆಯಲ್ಲಿ. ಹಿಂದಿ ಬರಲ್ವಾ ಅಂತ ಕೇಳಿ ಮುಜುಗರ ಮಾಡ್ಬೇಡಿ. ಅವರದ್ದು ಇಂಡಿಯಾದ ಹಳೇ ಪಡಿಯಚ್ಚು ಅಂತ ನೋಡೋಕೂ ಹೋಗ್ಬೇಡಿ, ಡಬಲ್ಸ್ ನಮ್ಮಲ್ಲಿ ಇಲ್ಲ, ಚಟ್ನಿ ಸಂಗೀತ ನಮ್ಮಲ್ಲಿ ಇಲ್ಲ, ಅವು ಆ ನೆಲದಲ್ಲೇ ಹುಟ್ಟಿದ್ದು.

ಮಾತು ಶುರು ಮಾಡೋಕೆ ಕ್ರಿಕೆಟ್ ಸಾಕು. ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ 1976ರ ಏಪ್ರಿಲ್‌ನಲ್ಲಿ ಭಾರತ 403 ಬೆನ್ನಟ್ಟಿ ಗೆದ್ದಿದ್ದು ವಯಸ್ಸಾದವರಿಗೆ ಇನ್ನೂ ನೆನಪಿದೆ. ಕೂವಾದಲ್ಲಿ ನಮ್ಮ ಮನೆ ಎದುರಿನ ಅಜ್ಜ ನಾನು ಕರ್ನಾಟಕದವನು ಅಂದ್ರೆ ಅದೆಲ್ಲಿದೆ ಅಂತ ಕೇಳಿದ್ರು. ವಿಶ್ವನಾಥ್ ಊರು ಅಂದೆ. ಎದ್ದು ನಿಂತು, ಕೈಲಿದ್ದ ಊರುಗೋಲನ್ನೇ ಬ್ಯಾಟ್ ಮಾಡ್ಕೊಂಡು ಸ್ಕ್ವೇರ್ ಕಟ್ ಹೊಡೆದು ತೋರಿಸಿ, ನೂರಾ ಹನ್ನೆರಡು, ರನ್ ಔಟ್, ಅಂದ್ರು. ಬ್ರಿಜೇಶ್ ಪಟೇಲ್ 49 ನಾಟ್ ಔಟ್ ಅಂತ ನಾನು ಸೇರಿಸಿದೆ. ಒಳಗೆ ತಿರುಗಿ, ಈ ಹುಡುಗನಿಗೆ ಒಂದು ದಾಲ್‌ಪೂರಿ ಹಾಕು ಅಂತ ಕೂಗಿದ್ರು.